ಉಪ್ಪಿನ ಡಬ್ಬಿಯ ಲೆಕ್ಕ

ಕಚೇರಿಯಲ್ಲಿ ಪರರ ವೈದ್ಯಕೀಯ ಬಿಲ್ಲುಗಳನ್ನು ಪರಿಶೀಲಿಸಿ ಮೇಲಕ್ಕೆ ಕಳುಹಿಸುವುದು ನಮ್ಮ ಉದ್ಯೋಗ. ಅಂಥ ಬಿಲ್ಲು ನಮ್ಮ ಮನೆಗೇ ಬಂದೀತೆಂದು ಎಣಿಸಿರಲಿಲ್ಲ. ಕಳೆದ ವರ್ಷ, ಖಾಸಗಿ ಕೆಲಸದಲ್ಲಿದ್ದ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಆಸ್ಪತ್ರೆಯ ಖರ್ಚಿಗೆ ಅತ್ತಿಗೆಯ ಬಳೆಗಳು ಹೋದವು. ನಮ್ಮಾಕೆಯ ಸರವೂ ಹೋಯಿತು.

"ರಕ್ತದೊತ್ತಡ ಬಹಳ ದಿನಗಳಿಂದ ಇದ್ದಿರಬೇಕು, ನೋಡಿಸಲೇ ಇಲ್ಲವೆ?" ಎಂದರು ಡಾಕ್ಟರು. ನೋವಿಲ್ಲದ ರೋಗಕ್ಕೆ ಡಾಕ್ಟರಲ್ಲಿಗೆ ಹೋಗುವವರುಂಟೆ?

ಆ ವಾರವೇ ನಾವೂ ನೋಡಿಸಿಕೊಂಡೆವು: 150/96. ಮತ್ತೆರಡು ಸಲ ನೋಡಿಸಿದರೂ 140/90ರ ಗಡಿ ದಾಟಿಯೇ ಇತ್ತು. ಅಂದಿನಿಂದ ಡೊಂಬಿವಲಿಯ ನಮ್ಮ ಸಂಸಾರದ ರೀತಿಯೇ ಬದಲಾಯಿತು. ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ಟೀ ಚಮಚಕ್ಕಿಂತ ಕಡಿಮೆ. ಊರಿನಿಂದ ಬರುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳೂ ಆ ಚಮಚದೊಳಗೇ ಅಡಗಬೇಕು! ಇದನ್ನು ಅಮ್ಮನಿಗೆ ಫೋನಿನಲ್ಲಿ ತಿಳಿಸಲು ನಮಗೆ ಎರಡು ವಾರ ಧೈರ್ಯ ಬರಲಿಲ್ಲ.

ರೈಲಿಳಿದು ಕಚೇರಿಗೆ ಈಗ ಟ್ಯಾಕ್ಸಿ ಇಲ್ಲ, ನಡಿಗೆಯೇ. ಡಾಕ್ಟರು ಬರೆದುಕೊಟ್ಟ ಮಾತ್ರೆಗೆ ತಿಂಗಳಿಗೆ ತಗಲುವುದು ಒಂದು ಸಿನಿಮಾ ಟಿಕೇಟಿನಷ್ಟೂ ಅಲ್ಲ. ಇಷ್ಟರಿಂದ ರೋಗವೇ ಬಾರದೆಂದು ನಾವು ಹೇಳಲಾರೆವು. ಬಳೆ ಮಾರುವ ದಿನ ದೂರವಾದೀತು, ಅಷ್ಟೆ.

ಅಣ್ಣ ಈಗ ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದಾನೆ. ಮೊನ್ನೆ ಸೊಟ್ಟ ಅಕ್ಷರಗಳಲ್ಲಿ ಒಂದು ಸಾಲು ಬರೆದು ನಮ್ಮ ಮುಂದೆ ಹಿಡಿದ: "ಈ ತಿಂಗಳು ನೋಡಿಸಿಕೊಂಡೆಯಾ?"

ವಾಚಕರೇ, ಅದೇ ಪ್ರಶ್ನೆ ನಿಮಗೂ.