ಅಕ್ಕಿ ಮಾರಾಕ ಒಂದು ವಿಳಾಸ

ಸೋನಾ ಮಸೂರಿ ಅಕ್ಕಿ ನೇರ ಗಿರಾಕಿಗೆ ಮಾರಾಕ ವೆಬ್‌ಸೈಟಿನ ವಿಳಾಸ ಹುಡುಕಾಕತ್ತೀನಿ. ಊರ ಹೆಸರು ಇಡೋಣಂದ್ರ, ಪೋತ್ನಾಳನ್ನ ಇಂಗ್ಲಿಷಿನ್ಯಾಗ ಒಬ್ಬರು 'ಟಿ' ಆದಮೇಲೆ 'ಎಚ್' ಹಾಕಿ ಬರೀತಾರ, ಒಬ್ಬರು ಬಿಡ್ತಾರ. ಮಸೂರಿಗೆ ಕೆಲವರು 'ಯು', ಕೆಲವರು ಎರಡು 'ಓ'. ಒಂದಕ್ಷರ ತಪ್ಪಿದರ ಗಿರಾಕಿ ನಮ್ಮ ಬಾಗಿಲಿಗೆ ಬರೂದಿಲ್ಲ. ನಾವು ಮತ್ತ ದಲಾಲರ ಅಂಗಡಿಗೇ.

ಕನ್ನಡದಾಗ '.ಭಾರತ' ಅಂತ ಮುಗಿಯೋ ವಿಳಾಸನೂ ಅದ. ಆದ್ರ ಹೈದರಾಬಾದಿನ ಗಿರಾಕಿ ಕನ್ನಡದಾಗ ಹೆಂಗ ಟೈಪ್ ಮಾಡ್ಯಾನು? ಅದಕ್ಕ ಚಿಕ್ಕ ಹೆಸರು, ಕೊನೆಗೆ '.ಇನ್'. ಫೋನಿನ್ಯಾಗ ಒಮ್ಮೆ ಹೇಳಿದರ ತಪ್ಪಿಲ್ಲದ ಬರ್ಕೊಂಡ್ರ ಆ ಹೆಸರು ಪಾಸು.

ಇನ್ನೊಂದು ಮಾತು: ಇದು ಲೀಜಿನ ಹೊಲ ಇದ್ದಂಗ. ವಾಯಿದೆ ಮುಗಿಯೋದರಾಗ ರೊಕ್ಕ ಕಟ್ಟದಿದ್ರ ಬ್ಯಾರೆಯವರ ಪಾಲಾಗಬಹುದು. ಸೈಟ್ ಮಾಡಿಕೊಡೋರ ಹೆಸರಿಗೆ ಬ್ಯಾಡ, ನಿಮ್ಮ ಹೆಸರಿಗೇ ಮಾಡಿಸ್ರಿ. ಪಹಣ್ಯಾಗ ಹೆಸರಿಲ್ಲದ ಹೊಲ ಎಷ್ಟು ದಿನ ನಮ್ಮದು?