ನಿಯಮಿತ

ಬೆಳಗಿನ ಆರೂವರೆ. ನವನಗರದ ಈ ತಗಡಿನ ಶೆಡ್ಡಿನೊಳಗೆ ಕಾಲಿಟ್ಟರೆ ಮೊದಲು ಮುಖಕ್ಕೆ ತಾಗುವುದು ಕಾವು, ಆಮೇಲೆ ಬೆಂದ ಜೋಳದ ವಾಸನೆ. ಆರು ಹಂಚಿನ ಮುಂದೆ ಆರು ಜನ ಹೆಣ್ಣುಮಕ್ಕಳು. ಬಿಸಿನೀರು ಹಾಕಿ ನಾದಿದ ಬಿಳಿಜೋಳದ ಹಿಟ್ಟು ಉಂಡೆಯಾಗಿ, ಅಂಗೈ ಬಡಿತಕ್ಕೆ ಅಗಲವಾಗುತ್ತ ಹೋಗುತ್ತಿದೆ. ಬೆಂದ ರೊಟ್ಟಿಯನ್ನು ಒಲೆಯ ಸುತ್ತ ಒರಗಿಸಿ ನಿಲ್ಲಿಸಿದ್ದಾರೆ. ಕಾವಿಗೆ ಒಣಗಿ ಖಡಕ್ಕಾದ ಮೇಲೆ ಇಪ್ಪತ್ತೈದರ ಕಟ್ಟು ಕಟ್ಟಬೇಕು.

"ಕರೆಂಟ್ ಬಿಲ್ ಎಲ್ಲಿಟ್ಟಿ, ತಮ್ಮಾ?" ವೈನಿ ಒಳಗಿನಿಂದಲೇ ಕೂಗುತ್ತಾಳೆ.

ಬಿಲ್ಲು ಹಿಟ್ಟಿನ ಡಬ್ಬಿಯ ಕೆಳಗೆ ಸಿಗುತ್ತದೆ. ಕೊಡವಿದರೆ ಬೆಳ್ಳಗೆ ಧೂಳು ಏಳುತ್ತದೆ. ಎರಡು ತಿಂಗಳಿಗಿಂತ ಹಳೆಯದಾಗಿದ್ದರೆ ನಡೆಯದು ಎಂದು ಆಡಿಟರು ಹೇಳಿದ್ದಾರೆ. ಇದು ಹೋದ ತಿಂಗಳದ್ದು. ವೈನಿ ಅದನ್ನು ಬೆಳಕಿಗೆ ಹಿಡಿದು ಮೇಲಿನ ಸಾಲು ಓದುತ್ತಾಳೆ: ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ ನಿಯಮಿತ.

"ಈ ನಿಯಮಿತ ಅಂದ್ರ ಏನೋ? ದಿನಾ ನಿಯಮಿತವಾಗಿ ಅಂತಾರಲ್ಲ, ಅದಾ?"

"ಅಲ್ಲ ವೈನಿ. ಲಿಮಿಟೆಡ್ ಅಂತ. ಇವತ್ತು ನಾವು ಹೊಂಟಿದ್ದು ಅದಕ್ಕನ."

ಶೆಡ್ಡು ವೈನಿಯದಲ್ಲ, ಪಕ್ಕದ ಮನೆಯ ಅಕ್ಕಾರದು. ಅವರೂ ವೈನಿಯೂ ಸೇರಿ ಆರು ವರ್ಷದಿಂದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತಿದ್ದಾರೆ. ಇಬ್ಬರ ನಡುವೆ ಒಂದು ಕಾಗದವೂ ಇಲ್ಲ, ಬರೀ ಮಾತು. ಈಗ ಬೆಂಗಳೂರಿನ ಅಂಗಡಿಯವರೊಬ್ಬರು ತಿಂಗಳಿಗೆ ಇಪ್ಪತ್ತು ಸಾವಿರ ರೊಟ್ಟಿ ಕೇಳಿದ್ದಾರೆ. ಯಂತ್ರ ಬೇಕು, ಸಾಲ ಬೇಕು, ಅದಕ್ಕೆ ಕಂಪನಿ ಬೇಕು. ಬಿಲ್ಲು ಅಕ್ಕಾರ ಯಜಮಾನರ ಹೆಸರಿನಲ್ಲಿದೆ. ಈ ಜಾಗದಲ್ಲಿ ಕಂಪನಿಯ ಕಚೇರಿ ಇಡಲು ನನ್ನ ತಕರಾರಿಲ್ಲ ಎಂದು ಅವರು ಬರೆದುಕೊಡಬೇಕು. ಅವರು ಅಂಗಳದಲ್ಲಿ ಖುರ್ಚಿ ಹಾಕಿಕೊಂಡು, ಕನ್ನಡಕ ಏರಿಸಿ, ಎರಡು ಸಲ ಓದಿ ಸಹಿ ಮಾಡುತ್ತಾರೆ. ಹೆಂಡತಿಯ ಕಂಪನಿಗೆ ಗಂಡ ಜಾಗ ಕೊಟ್ಟ ಮೊದಲ ಕಾಗದ ಅದು. ಅಕ್ಕಾರು ಅದನ್ನು ಮಡಚದೆ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಳ್ಳುತ್ತಾರೆ.

ಆಡಿಟರ ಹತ್ತಿರ ಹೋಗಲು ಹತ್ತಿದ ಚಿಗರಿ ಬಸ್ಸು ತಣ್ಣಗಿದೆ. ಎಡಕ್ಕೆ ಎಪಿಎಂಸಿ ಗೇಟು ಬಂದಾಗ ನಾನು ಆ ಕಡೆ ನೋಡುವುದಿಲ್ಲ. ವೈನಿಗೆ ಗೊತ್ತು, ಅವಳೂ ಮಾತಾಡುವುದಿಲ್ಲ. ಅಪ್ಪ ಅರಳೆ ವ್ಯಾಪಾರ ಮಾಡಿದವರು, ಮೂವರು ಪಾಲುದಾರರಲ್ಲಿ ಒಬ್ಬರು. ಒಂದು ವರ್ಷ ಪಾಲುದಾರನೊಬ್ಬ ಫರ್ಮಿನ ಹೆಸರಿನಲ್ಲಿ ಉದ್ರಿ ಮಾಲು ತಂದ, ದರ ಬಿತ್ತು, ಅವನು ಊರು ಬಿಟ್ಟ. ಕೊಟ್ಟವರು ಅಪ್ಪನ ಬಾಗಿಲಿಗೆ ಬಂದರು, ಯಾಕೆಂದರೆ ಮೂವರಲ್ಲಿ ಸ್ವಂತ ಮನೆ ಇದ್ದದ್ದು ಅಪ್ಪನಿಗೆ ಮಾತ್ರ. ನಾನು ತರಲಿಲ್ಲ, ಸಹಿ ಮಾಡಲಿಲ್ಲ ಎಂದು ಅಪ್ಪ ಎಷ್ಟು ಹೇಳಿದರೂ ನಡೆಯಲಿಲ್ಲ. 1932ರ ಪಾಲುದಾರಿಕೆ ಕಾಯ್ದೆಯ 25ನೇ ಕಲಮು ಸ್ಪಷ್ಟವಾಗಿದೆ: ಫರ್ಮು ಮಾಡಿದ ಪ್ರತಿಯೊಂದಕ್ಕೂ ಪಾಲುದಾರರೆಲ್ಲ ಕೂಡಿಯೂ ಹೊಣೆ, ಒಬ್ಬೊಬ್ಬರಾಗಿಯೂ ಹೊಣೆ. ಹಳೇ ಹುಬ್ಬಳ್ಳಿಯ ಮನೆ ಹೋಯಿತು. ಖಾಲಿ ಮಾಡಿದ ದಿನ ಅಪ್ಪ ಮುಂಬಾಗಿಲ ಹಿತ್ತಾಳೆ ಚಿಲಕ ಬಿಚ್ಚಿಕೊಂಡು ಬಂದರು. ಅದು ಈಗಲೂ ಅಣ್ಣನ ಕಪಾಟಿನಲ್ಲಿದೆ.

ಉಣಕಲ್ ಕೆರೆ ದಾಟುವಾಗ ಪಕ್ಕದ ರಸ್ತೆಯಲ್ಲಿ ವಿಆರ್‌ಎಲ್ ಲಾರಿಯೊಂದು ಬಸ್ಸಿಗೆ ಸಮನಾಗಿ ಓಡುತ್ತಿದೆ. "ಅದೂ ಲಿಮಿಟೆಡ್ ಏನು?" ವೈನಿ ಕೇಳುತ್ತಾಳೆ. ಹೌದು. ವಿಜಯ ಸಂಕೇಶ್ವರರು 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರು ಮಾಡಿದ್ದು. 1983ರಲ್ಲಿ ಪ್ರೈವೇಟ್ ಲಿಮಿಟೆಡ್ ಆಯಿತು, 2015ರಲ್ಲಿ ಶೇರುಪೇಟೆಗೆ ಬಂತು. ಒಂದು ಲಾರಿಯಿಂದ ಕಂಪನಿಯಾಗುವ ತನಕ ಏಳು ವರ್ಷ. ವೈನಿ ಬೆರಳು ಮಡಚಿ ತನ್ನ ಆರು ವರ್ಷ ಎಣಿಸಿ ಸುಮ್ಮನಾಗುತ್ತಾಳೆ.

ಕೊಪ್ಪಿಕರ್ ರಸ್ತೆಯ ಒಳಗಿನ ಓಣಿ, ಎರಡನೇ ಮಹಡಿ. ಆಡಿಟರ ಆಫೀಸಿನ ತುಂಬ ದಾರ ಕಟ್ಟಿದ ಫೈಲುಗಳು.

"ಬರ್ರಿ ಅಕ್ಕಾರ, ಕೂಡ್ರಿ. ಮೂರು ದಾರಿ ಅದಾವ, ನೋಡ್ರಿ."

ಒಬ್ಬರೇ ಇದ್ದರೆ ಏಕವ್ಯಕ್ತಿ ಕಂಪನಿ. ನಿಮಗೆ ಅದು ಬೇಡ. ಎರಡನೆಯದು ಎಲ್‌ಎಲ್‌ಪಿ, 2008ರ ಕಾಯ್ದೆಯದು. ಪಾಲುದಾರಿಕೆಯೇ, ಆದರೆ ಹೊಣೆಗೆ ಮಿತಿ ಇದೆ. ವಹಿವಾಟು 40 ಲಕ್ಷ, ಬಂಡವಾಳ 25 ಲಕ್ಷ ದಾಟುವ ತನಕ ಆಡಿಟ್ ಕಡ್ಡಾಯವಲ್ಲ. ಮೂರನೆಯದು ಪ್ರೈವೇಟ್ ಲಿಮಿಟೆಡ್. ಕನಿಷ್ಠ ಇಬ್ಬರು ಸದಸ್ಯರು, ಇಬ್ಬರು ಡೈರೆಕ್ಟರು. ಒಂದು ರೂಪಾಯಿಯ ವ್ಯಾಪಾರ ಆಗದಿದ್ದರೂ ವರ್ಷಕ್ಕೊಮ್ಮೆ ಆಡಿಟ್ ಆಗಲೇಬೇಕು. ನನ್ನನ್ನು ಕೇಳಿದರೆ ಇವರಿಬ್ಬರಿಗೆ ಎಲ್‌ಎಲ್‌ಪಿಯೇ ಸಾಕಿತ್ತು. ಖರ್ಚೂ ಕಡಿಮೆ, ಓಡಾಟವೂ ಕಡಿಮೆ. ಆದರೆ ಅಕ್ಕಾರು ಮುಂದಿನದನ್ನು ನೋಡುತ್ತಿದ್ದಾರೆ. ಹಂಚಿನ ಮುಂದೆ ಕೂತಿರುವ ಹೆಣ್ಣುಮಕ್ಕಳಿಗೂ ಒಂದು ದಿನ ಶೇರು ಕೊಡಬೇಕು ಎಂಬುದು ಅವರ ಆಸೆ. ಆ ಒಂದು ಮಾತಿಗೆ ನಾನು ಒಪ್ಪಿಕೊಂಡೆ.

"ನಮ್ಮ ಕಂಪನಿ ಅಂದ್ರ ನಾವ ಅಲ್ಲೇನ್ರಿ?" ಅಕ್ಕಾರ ಪ್ರಶ್ನೆ.

"ಅಲ್ರಿ. ಅದು ಬ್ಯಾರೇ ಮನಷ್ಯಾ ಇದ್ದಂಗ."

ಆಡಿಟರು ಹೇಳುವುದು ಲಂಡನ್ನಿನ ಒಬ್ಬ ಬೂಟು ವ್ಯಾಪಾರಿಯ ಕಥೆ. ಆರನ್ ಸಾಲೊಮನ್ ತನ್ನ ದಂಧೆಯನ್ನು ಕಂಪನಿ ಮಾಡಿದ. ಒಟ್ಟು 20,007 ಶೇರು; ಹೆಂಡತಿಗೆ ಒಂದು, ಐದು ಮಕ್ಕಳಿಗೆ ಒಂದೊಂದು, ಉಳಿದ 20,001 ಅವನದೇ. ಕಂಪನಿ ಮುಳುಗಿದಾಗ, ಇದು ಬರೀ ಸಾಲೊಮನ್ನನ ಮುಖವಾಡ, ಸಾಲ ಅವನೇ ತೀರಿಸಲಿ ಎಂದು ಕೋರ್ಟಿಗೆ ಎಳೆದರು. ಕೆಳಗಿನ ಎರಡು ಕೋರ್ಟಿನಲ್ಲೂ ಸೋತ. 1896ರ ನವೆಂಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ತಿರುಗಿಸಿತು: ಕಾಯ್ದೆ ಪ್ರಕಾರ ನೋಂದಣಿಯಾದ ಮೇಲೆ ಕಂಪನಿ ಬೇರೆ, ಸಾಲೊಮನ್ ಬೇರೆ. ನಮ್ಮ ಕೋರ್ಟುಗಳೂ ಈ ತೀರ್ಪನ್ನು ಒಪ್ಪಿಕೊಂಡೇ ನಡೆದಿವೆ.

ಇಷ್ಟು ದೊಡ್ಡ ಮಾತು ಆದ ಮೇಲೆ ಕೆಲಸ ನಿಲ್ಲುವುದು ಒಂದು ಸಣ್ಣ ವಿಷಯಕ್ಕೆ. ವೈನಿಯ ಪ್ಯಾನ್ ಕಾರ್ಡಿನಲ್ಲಿ ಅವಳ ಹೆಸರಿನ ಮುಂದೆ ತಂದೆಯ ಹೆಸರಿದೆ, ಆಧಾರಿನಲ್ಲಿ ಅಣ್ಣನ ಹೆಸರಿದೆ. ನಮ್ಮ ಕಡೆ ಮದುವೆಯಾದ ಹೆಣ್ಣುಮಕ್ಕಳ ಕಾಗದಗಳಲ್ಲಿ ಇದು ಮನೆಮನೆಯ ಮಾತು. ರೇಷನ್ ಕಾರ್ಡಿಗೂ ಗ್ಯಾಸಿಗೂ ಎಂದೂ ಅಡ್ಡಿಯಾಗದ ಈ ವ್ಯತ್ಯಾಸ ಕಂಪನಿಯ ಅರ್ಜಿಗೆ ಬೇಕಾದ ಡಿಜಿಟಲ್ ಸಹಿಯ ಮುಂದೆ ಗೋಡೆಯಾಗಿ ನಿಲ್ಲುತ್ತದೆ. ಪ್ಯಾನ್ ತಿದ್ದಿಸಿ ಮತ್ತೆ ಬರಬೇಕು. ಕಂಪನಿ ಮಾಡುವ ಯೋಚನೆ ಇರುವ ಅಕ್ಕತಂಗಿಯರು ಬೇರೇನೂ ಮಾಡುವ ಮುಂಚೆ ಈ ಎರಡು ಕಾರ್ಡನ್ನು ಪಕ್ಕಪಕ್ಕ ಇಟ್ಟು, ಅಕ್ಷರ ಅಕ್ಷರ ಹೋಲಿಸಿ ನೋಡಲಿ.

ಹದಿನೆಂಟು ದಿನದ ಮೇಲೆ ಅದೇ ಮೇಜು. ವೈನಿ ಫೋನಿನ ಕ್ಯಾಮೆರಾ ಮುಂದೆ ನೆಟ್ಟಗೆ ಕೂತು, ಪ್ಯಾನ್ ಕಾರ್ಡು ಗಲ್ಲದ ಹತ್ತಿರ ಹಿಡಿದು, ತನ್ನ ಹೆಸರು ಹೇಳುತ್ತಾಳೆ. ಇಪ್ಪತ್ತು ಸೆಕೆಂಡಿನ ವಿಡಿಯೊ. ಅದರಿಂದ ಬರುವ ಸಹಿ ಒಂದು ಸಣ್ಣ ಪೆನ್‌ಡ್ರೈವಿನಂಥ ಟೋಕನ್ನಿನಲ್ಲಿ ಕೂತಿರುತ್ತದೆ. ಅದನ್ನು ಆಡಿಟರ ಡ್ರಾವರಿನಲ್ಲಿ ಬಿಟ್ಟು ಹೋಗುವುದು ಎಲ್ಲರ ರೂಢಿ. "ನನ್ನ ಸಹಿ ನನ್ನ ಕಡೆ ಇರಲಿ ಬಿಡ್ರಿ," ಎಂದು ವೈನಿ ಟೋಕನ್ನನ್ನು ಪರ್ಸಿಗೆ ಹಾಕಿಕೊಳ್ಳುತ್ತಾಳೆ. ಸರಿಯಾಗಿಯೇ ಮಾಡಿದಳು.

ಹೆಸರು. ಸ್ಪೈಸ್ ಪ್ಲಸ್ ಎನ್ನುವ ಅರ್ಜಿಯ ಮೊದಲ ಭಾಗ ಇದು. ಸಾವಿರ ರೂಪಾಯಿ ಶುಲ್ಕ, ಎರಡು ಹೆಸರು ಕೊಡಬಹುದು. ಇಬ್ಬರಿಗೂ ಸಿದ್ಧಾರೂಢ ಅಜ್ಜನ ಹೆಸರೇ ಬೇಕು. ಆಡಿಟರು ಹುಡುಕಿ ತೋರಿಸುತ್ತಾರೆ: ಅಜ್ಜನ ಹೆಸರಿನಲ್ಲಿ ಆಗಲೇ ಸಾಲುಸಾಲು ಕಂಪನಿಗಳಿವೆ. ಇದ್ದ ಹೆಸರನ್ನು ಹೋಲುವಂಥದ್ದು ಸಿಗುವುದಿಲ್ಲ. ಅಕ್ಕಾರು ಒಂದು ಹೊತ್ತು ಸುಮ್ಮನೆ ಕೂತು, ಕಡೆಗೆ ತಮ್ಮ ತವರೂರಿನ ಹೆಸರನ್ನೂ ಜೋಳದ ತಳಿಯ ಹೆಸರನ್ನೂ ಸೇರಿಸಿ ಒಂದು ಹೇಳುತ್ತಾರೆ. ಅದು ಯಾರದೂ ಅಲ್ಲ. ಒಪ್ಪಿಗೆ ಸಿಕ್ಕರೆ 20 ದಿನ ಆ ಹೆಸರು ಇವರಿಗೆ ಮೀಸಲು. ಅಷ್ಟರಲ್ಲಿ ಉಳಿದ ಅರ್ಜಿ ಹೋಗಬೇಕು. ಅದನ್ನು ನೋಡುವವರು ಹುಬ್ಬಳ್ಳಿಯಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ಹರಿಯಾಣದ ಮಾನೇಸರದ ಕೇಂದ್ರ ಕಚೇರಿಯಲ್ಲಿದ್ದಾರೆ.

ಕಂಪನಿಯ ಕರಾರುಪತ್ರ ಪರದೆಯ ಮೇಲೆ ಇಂಗ್ಲಿಷಿನಲ್ಲಿದೆ. ವೈನಿ ಮೌಸಿನ ಮೇಲೆ ಕೈ ಇಡುತ್ತಾಳೆ. "ಕನ್ನಡದಾಗ ಹೇಳ್ರಿ. ತಿಳೀಲಾರದ್ದಕ್ಕ ನಾ ಸಹಿ ಮಾಡೂದಿಲ್ಲ." ಆಡಿಟರು ಕನ್ನಡಕ ತೆಗೆದು ಒರೆಸಿಕೊಂಡು, ಒಂದೊಂದೇ ಕಲಮು ಹೇಳತೊಡಗುತ್ತಾರೆ. ಉದ್ದೇಶದ ಕಲಮಿನಲ್ಲಿ ರೊಟ್ಟಿ, ಚಟ್ನಿಪುಡಿ ಎಂದಿದೆ. ಶೇಂಗಾ ಹೋಳಿಗಿ ಯಾಕಿಲ್ಲ ಎಂದು ಅಕ್ಕಾರು ಸೇರಿಸುತ್ತಾರೆ. ಬಂಡವಾಳದ ಕಲಮು: ಹತ್ತು ರೂಪಾಯಿಯ ಹತ್ತು ಸಾವಿರ ಶೇರು, ಒಟ್ಟು ಒಂದು ಲಕ್ಷ, ಇಬ್ಬರಿಗೂ ಸಮ. ಕನಿಷ್ಠ ಇಷ್ಟು ಬಂಡವಾಳ ಇರಲೇಬೇಕೆಂಬ ನಿಯಮ 2015ರಲ್ಲೇ ಹೋಯಿತು. 15 ಲಕ್ಷದ ತನಕ ನೋಂದಣಿ ಶುಲ್ಕವೂ ಇಲ್ಲ, ರಾಜ್ಯದ ಸ್ಟ್ಯಾಂಪ್ ಶುಲ್ಕ ಮಾತ್ರ.

ಆಮೇಲೆ ಬರುತ್ತದೆ ಆ ಒಂದು ಸಾಲು. "ಸದಸ್ಯರ ಹೊಣೆ, ಅವರ ಶೇರಿನ ಮ್ಯಾಲ ಕೊಡೂದು ಏನರ ಬಾಕಿ ಇದ್ರ, ಅಷ್ಟಕ್ಕ ಸೀಮಿತ." ಒಂದು ಉಸಿರಿನಲ್ಲಿ ಮುಗಿಯುವ ವಾಕ್ಯ. ಅವರು ಮುಂದಿನ ಕಲಮಿಗೆ ಹೋಗಿಬಿಡುತ್ತಾರೆ; ನಾನು ಅಲ್ಲೇ ನಿಂತಿದ್ದೇನೆ. ಅಪ್ಪ ಮತ್ತು ಅವರ ಪಾಲುದಾರರ ನಡುವೆ ಈ ಒಂದು ಸಾಲು ಇದ್ದಿದ್ದರೆ ಮನೆ ಉಳಿಯುತ್ತಿತ್ತು. ಈ ದೇಶದಲ್ಲಿ ಹೊಣೆಗೆ ಮಿತಿ ಹಾಕುವ ಕಾಯ್ದೆ ಬಂದದ್ದು 1857ರಲ್ಲಿ. ಅಪ್ಪನಿಗೆ ಅದನ್ನು ಯಾರೂ ಹೇಳಲಿಲ್ಲ.

ಪ್ರಮಾಣಪತ್ರ ಬಂದದ್ದು ಒಂದು ಮಂಗಳವಾರ, ರೊಟ್ಟಿ ಬಡಿಯುವ ಹೊತ್ತಿನಲ್ಲಿ. ಹಿಟ್ಟಿನ ಕೈಯಿಂದ ಫೋನು ಮುಟ್ಟಲಾಗದೆ ವೈನಿ ಮೊಣಕೈಯಿಂದ ನನ್ನ ಕಡೆ ಸರಿಸುತ್ತಾಳೆ. ಕಂಪನಿಗೆ ಅದರದೇ ಪ್ಯಾನ್ ಇದೆ, ಟ್ಯಾನ್ ಇದೆ, 21 ಅಕ್ಷರಗಳ ಗುರುತು ಸಂಖ್ಯೆ ಇದೆ. ಆ ಸಂಖ್ಯೆಯ ನಡುವೆ 'ಕೆಎ' ಎಂಬ ಎರಡು ಅಕ್ಷರ: ಕರ್ನಾಟಕ. ಹಂಚಿನ ಮುಂದಿದ್ದ ಹಿರಿಯಾಕೆ ಕೇಳುತ್ತಾಳೆ, "ಕೂಸು ಹುಟ್ಟಿದಂಗಾತಲ್ಲ?"

ಹೌದು, ಮತ್ತು ಕೂಸಿಗೆ ಎಲ್ಲವೂ ಹೊಸದಾಗಿ ಬೇಕು. ಆಹಾರದ ಲೈಸೆನ್ಸು ವೈನಿಯ ಹೆಸರಿನಲ್ಲಿತ್ತು. ಕಂಪನಿಗೆ ಬೇರೆ ತೆಗೆಸಬೇಕು. ಬ್ಯಾಂಕ್ ಖಾತೆ ಬೇರೆ. ಇಬ್ಬರೂ ತಮ್ಮ ಐವತ್ತೈವತ್ತು ಸಾವಿರ ಅದಕ್ಕೆ ಕಟ್ಟಿ, 180 ದಿನದೊಳಗೆ ಕಟ್ಟಿದ್ದೇವೆ ಎಂದು ಘೋಷಣೆ ಕೊಡಬೇಕು; ತಪ್ಪಿದರೆ ಕಂಪನಿಗೆ 50,000 ರೂಪಾಯಿ ತನಕ ದಂಡ. ವರ್ಷದ ಲೆಕ್ಕದ ಫಾರಂ ತಡವಾದರೆ ಒಂದೊಂದಕ್ಕೂ ದಿನಕ್ಕೆ ನೂರು ರೂಪಾಯಿ. ಮೂರು ವರ್ಷ ಸತತ ಬಿಟ್ಟರೆ ಡೈರೆಕ್ಟರ್‌ಗಿರಿ ಐದು ವರ್ಷ ಹೋಗುತ್ತದೆ. ಶೆಡ್ಡಿನಲ್ಲಿ ಈಗ ಎರಡು ಡಬ್ಬಿ ಇವೆ. ಸ್ಟೀಲಿನದು ಕಂಪನಿಯದು, ಹಾರ್ಲಿಕ್ಸಿನದು ಮನೆಯದು. ಹಾಲಿನವ ಬಂದಾಗ ಅಣ್ಣ ಸ್ಟೀಲ್ ಡಬ್ಬಿಗೆ ಕೈ ಹಾಕಲು ಹೋಗಿ ಬೈಸಿಕೊಂಡಿದ್ದಾನೆ.

ಕಡೆಯ ದೃಶ್ಯ ಬ್ಯಾಂಕಿನಲ್ಲಿ. 12 ಲಕ್ಷದ ಸಾಲ ಮಂಜೂರಾಗುವಂತಿದೆ. ಸರ್ಕಾರದ ಸಾಲ ಖಾತರಿ ಯೋಜನೆಯಡಿ ಮನೆಪತ್ರ ಇಡಬೇಕಿಲ್ಲ. ಮ್ಯಾನೇಜರು ಒಳ್ಳೆಯವರು, ಚಹಾ ತರಿಸಿದ್ದಾರೆ. ಸಹಿಯ ಕಾಗದಗಳ ನಡುವೆ ಒಂದರ ಮೇಲೆ ವೈನಿಯ ಬೆರಳು ನಿಲ್ಲುತ್ತದೆ.

"ಇದು ಯಾವುದ್ರಿ?"

"ಡೈರೆಕ್ಟರ ವೈಯಕ್ತಿಕ ಜಾಮೀನು, ಮೇಡಂ. ಎಲ್ಲರ ಕಡೆಯಿಂದಲೂ ತಗೋತೀವಿ."

ಫ್ಯಾನಿನ ಗಾಳಿಗೆ ಕಾಗದ ಅಲುಗುತ್ತಿದೆ. ಆಡಿಟರು ಮೊದಲೇ ಎಚ್ಚರಿಸಿದ್ದರು: 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ ಬೇರೆ ಮಾತು ಬರೆಯದ ಹೊರತು ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಕಂಪನಿಯ ಕರಾರುಪತ್ರದಲ್ಲಿ ಹಾಕಿದ ಮಿತಿ ಈ ಒಂದು ಸಹಿಯಿಂದ ಈ ಸಾಲದ ಮಟ್ಟಿಗೆ ಇಲ್ಲವಾಗುತ್ತದೆ. ಮಾಲು ಕೊಟ್ಟವರು, ಗಿರಾಕಿ, ಬಾಡಿಗೆ ಲಾರಿಯವರು, ಇವರೆಲ್ಲರ ಎದುರು ಗೋಡೆ ಉಳಿಯುತ್ತದೆ; ಬ್ಯಾಂಕಿನ ಎದುರು ಉಳಿಯುವುದಿಲ್ಲ. ಸಣ್ಣ ಕಂಪನಿಗೆ ಸಾಲ ಕೊಡುವವರು ಬಹುಮಟ್ಟಿಗೆ ಇದನ್ನು ಕೇಳಿಯೇ ಕೇಳುತ್ತಾರೆ, ಅದರಲ್ಲಿ ತಪ್ಪಿಲ್ಲ. ತಿಳಿಯದೆ ಸಹಿ ಹಾಕುವುದು ತಪ್ಪು.

ವೈನಿ ಕಾಗದದ ಪ್ರತಿ ಮಾಡಿಸಿಕೊಂಡು ಮನೆಗೆ ತರುತ್ತಾಳೆ. ರಾತ್ರಿ ಅಣ್ಣ, ವೈನಿ, ಅಕ್ಕಾರು, ಅವರ ಯಜಮಾನರು, ನಾನು, ಎಲ್ಲ ಚಾಪೆಯ ಮೇಲೆ. ಕಂಪನಿ ಮುಳುಗಿತು ಎಂದೇ ಹಿಡಿದು ಲೆಕ್ಕ ಹಾಕುತ್ತೇವೆ: ಇಬ್ಬರ ಮನೆಯ ಸಂಬಳದಿಂದ ತಿಂಗಳಿಗೆ ಎಷ್ಟು ಕಟ್ಟಲಾದೀತು? ಹನ್ನೆರಡು ಲಕ್ಷ ಆಗದು. ಐದು ಆದೀತು. ಒಂದು ರೊಟ್ಟಿ ಯಂತ್ರ ಬರುತ್ತದೆ, ಗಿರಣಿ ಬೇಡ. ಹಿಟ್ಟು ಇನ್ನೊಂದು ವರ್ಷ ಹೊರಗೆ ಬೀಸಿಸೋಣ. ಮರುದಿನ ಐದು ಲಕ್ಷಕ್ಕೆ ಅರ್ಜಿ ತಿದ್ದಿ, ಇಬ್ಬರೂ ಜಾಮೀನಿಗೆ ಸಹಿ ಹಾಕುತ್ತಾರೆ. ಕೈ ನಡುಗುವುದಿಲ್ಲ.

ಈಗ ಶೆಡ್ಡಿನ ಮುಂದೆ ಪೇಂಟರ್ ಏಣಿ ಹತ್ತಿದ್ದಾನೆ. ಕಂಪನಿಯ ಹೆಸರು, ವಿಳಾಸ ಹೊರಗೆ ಎದ್ದು ಕಾಣುವಂತೆ ಬರೆಸಬೇಕು, ಆ ಊರಿನ ಜನ ಓದುವ ಲಿಪಿಯಲ್ಲೂ ಇರಬೇಕು ಎಂದು 2013ರ ಕಂಪನಿ ಕಾಯ್ದೆಯ 12ನೇ ಕಲಮೇ ಹೇಳುತ್ತದೆ. ಅವನು ಕಡೆಯ ಪದಕ್ಕೆ ಬಂದು ಕೆಳಗೆ ಬಗ್ಗಿ ಕೇಳುತ್ತಾನೆ: "ಪ್ರೈವೇಟ್ ಲಿಮಿಟೆಡ್ ಅಂತ ಕನ್ನಡದಾಗ ಬರೀಲ್ಯಾ, ಏನು ಖಾಸಗಿ ನಿಯಮಿತ ಅಂತ ಬರೀಲಿ?"

"ಎರಡೂ ಬರಿಯಪಾ," ಎನ್ನುತ್ತಾಳೆ ವೈನಿ. "ಜಾಗಾ ಐತಿ."