ಓದು ಬರದ ಅಮ್ಮನೂ ಕಲೀತಾಳೆ

ಕೇರಿ ತಾಯಂದಿರ ಜೊತೆ ಆಸ್ಪತ್ರೆಗೆ ಹೋದಾಗೆಲ್ಲ ಕೇಳಿರೋ ಮಾತು: ‘ನಿಮಗೆ ಹೇಳಿದ್ರೂ ಅರ್ಥ ಆಗಲ್ಲ.’ ಮಗುವಿಗೆ ಟೈಪ್ 1 ಡಯಾಬಿಟಿಸ್, ಜೀವಮಾನವಿಡೀ ಇನ್ಸುಲಿನ್ ಬೇಕು. ಕೈಗಿಡೋ ಚೀಟಿ ಮಾತ್ರ ಇಂಗ್ಲಿಷ್‌ನಲ್ಲಿ!

ಆ ತಾಯಿ ತಿಳಿಯಬೇಕಾದ್ದೇನು? 40ರ ಇನ್ಸುಲಿನ್ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜು, 100ರದ್ದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನ ಕೆಂಪು ಸಿರಿಂಜಲ್ಲಿ ಎಳೆದರೆ ಡೋಸು ಎರಡೂವರೆ ಪಟ್ಟಾಗುತ್ತೆ, ಮಗುವಿನ ಜೀವಕ್ಕೇ ಕುತ್ತು. ಮಗು ಬೆವರಿ ನಡುಗಿದರೆ, ಎಚ್ಚರ ಇರುವಾಗಲೇ ಸಕ್ಕರೆ ನೀರು ಕುಡಿಸಿ 15 ನಿಮಿಷಕ್ಕೆ ಮತ್ತೆ ಶುಗರ್ ನೋಡಬೇಕು. ಫ್ರಿಜ್ ಇಲ್ಲದಿದ್ದರೆ ಬಾಟಲಿಯನ್ನ ಮಣ್ಣಿನ ಮಡಕೆಯ ತಂಪಲ್ಲಿಡಬೇಕು.

ಇದಕ್ಕೆ ಅಕ್ಷರ ಬೇಡ. ಕೂರಿಸಿ, ಕನ್ನಡದಲ್ಲಿ ಹೇಳಿ, ಅವಳ ಕೈಲೇ ಒಮ್ಮೆ ಮಾಡಿಸಿ ನೋಡಿದರೆ ಸಾಕು. ಕಲಿಸೋದು ಆಸ್ಪತ್ರೆಯ ಕೆಲಸ. ಕೇಳಿ ಪಡೆಯೋದು ನಮ್ಮ ಹಕ್ಕು.

ಜೈ ಭೀಮ್.